ನಿರ್ಭೀತ ರೋಗಿ ಮತ್ತು ದೂರದರ್ಶನ

ಚರಕ ಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಒಂದೊಂದು ಪಾದಕ್ಕೂ ನಾಲ್ಕು ಗುಣಗಳಿವೆ. ಅದರಲ್ಲಿ ರೋಗಿಯ ಗುಣಗಳೆಂದರೆ ನೆನಪು, ವೈದ್ಯನ ಸೂಚನೆಯ ಪಾಲನೆ, ನಿರ್ಭೀತಿ ಹಾಗೂ ತನ್ನ ವ್ಯಾಧಿಯನ್ನು ಸ್ಪಷ್ಟವಾಗಿ ತಿಳಿಸುವ ಶಕ್ತಿ. ವೈದ್ಯರಾದ ನಾವು ಎರಡನೆಯ ಗುಣವನ್ನು ದಿನವೂ ನೆನಪಿಸುತ್ತೇವೆ. ಮೂರನೆಯದನ್ನು ಹೇಳುವುದು ಅಪರೂಪ. ಚಿಕಿತ್ಸೆಗೆ ಅಂಜದಿರಬೇಕೆಂಬ ಆ ಮಾತನ್ನು, ಪ್ರಶ್ನಿಸಲೂ ಅಂಜದಿರಬೇಕು ಎಂದು ಇಂದು ವಿಸ್ತರಿಸಿಕೊಳ್ಳಬೇಕಾಗಿದೆ. ಆಸ್ಪತ್ರೆಯ ಮೆಟ್ಟಿಲೇರಿದೊಡನೆ ನಮ್ಮ ಜನರ ಬಾಯಿ ಕಟ್ಟಿಹೋಗುತ್ತದೆ. ಈ ಅಂಜಿಕೆಯನ್ನು ದೂರದರ್ಶನ ಬಿಡಿಸಬಲ್ಲದೇ? ಬಲ್ಲದು, ಆದರೆ ಅರ್ಧದಾರಿಯವರೆಗೆ ಮಾತ್ರ ಎಂಬುದು ನನ್ನ ಅಭಿಪ್ರಾಯ.

2012ರ ಮೇ 6ರಂದು ಆರಂಭವಾದ, ನಟ ಆಮಿರ್ ಖಾನ್ ನಡೆಸಿಕೊಟ್ಟ ‘ಸತ್ಯಮೇವ ಜಯತೆ’ ಕಾರ್ಯಕ್ರಮವನ್ನು ಅನೇಕ ಓದುಗರು ಬಲ್ಲರು. ಮೊದಲ ಕಂತಿನ ವಿಷಯ ಹೆಣ್ಣು ಭ್ರೂಣಹತ್ಯೆ. ಮೇ 27ರ ಕಂತು ವೈದ್ಯಕೀಯ ಕ್ಷೇತ್ರವನ್ನೇ ಪ್ರಶ್ನಿಸಿತು: ಅನಗತ್ಯ ಶಸ್ತ್ರಚಿಕಿತ್ಸೆ, ತಪಾಸಣೆಗಳ ಹಿಂದಿನ ಕಮಿಷನ್, ಔಷಧಗಳ ದುಬಾರಿ ಬೆಲೆ. ದೂರಿಗಷ್ಟೇ ನಿಲ್ಲದೆ ಪರಿಹಾರವನ್ನೂ ತೋರಿಸಿದ್ದು ಅದರ ಹಿರಿಮೆ. ವೈದ್ಯರೂ ಐ.ಎ.ಎಸ್. ಅಧಿಕಾರಿಯೂ ಆದ ರಾಜಸ್ಥಾನದ ಡಾ. ಸಮಿತ್ ಶರ್ಮಾ ಅವರು ಜೆನೆರಿಕ್ ಔಷಧಗಳ ಲೆಕ್ಕವನ್ನು ಜನಸಾಮಾನ್ಯರಿಗೆ ಬಿಡಿಸಿಟ್ಟರು. ಆ ರಾಜ್ಯದಲ್ಲಿ 2011ರ ಅಕ್ಟೋಬರ್ 2ರಿಂದಲೇ ಸರ್ಕಾರಿ ಆಸ್ಪತ್ರೆಗಳ ಉಚಿತ ಔಷಧ ಯೋಜನೆ ನಡೆದಿತ್ತು. ಭಾರತೀಯ ವೈದ್ಯಕೀಯ ಸಂಘವು ಕ್ಷಮೆಯಾಚನೆಗೆ ಒತ್ತಾಯಿಸಿತು, ನಟರು ಒಪ್ಪಲಿಲ್ಲ. ಜೂನ್ ತಿಂಗಳಲ್ಲಿ ಅವರು ಸಂಸತ್ತಿನ ಸ್ಥಾಯಿ ಸಮಿತಿಯ ಮುಂದೆಯೂ ಔಷಧ ಬೆಲೆಯ ಮಾತನ್ನಾಡಿದರು.

ತಮಿಳು, ತೆಲುಗು, ಮಲಯಾಳಂ ಭಾಷಿಕರು ಇದನ್ನು ತಮ್ಮ ನುಡಿಯಲ್ಲೇ ಕಂಡರು. ಕನ್ನಡಿಗರಿಗೆ ಆ ಭಾಗ್ಯವಿರಲಿಲ್ಲ. ಡಬ್ಬಿಂಗ್ ವಿರೋಧದಿಂದಾಗಿ ಅದು ನಮ್ಮ ವಾಹಿನಿಗಳಲ್ಲಿ ಕನ್ನಡದಲ್ಲಿ ಬರಲಿಲ್ಲ. ಹಿಂದಿ ಬಾರದ ಹಳ್ಳಿಯ ತಾಯಂದಿರಿಗೆ ಈ ತಿಳಿವಳಿಕೆ ಎಲ್ಲರಿಗಿಂತ ಹೆಚ್ಚಾಗಿ ಬೇಕಿತ್ತು. 2015ರಲ್ಲಿ ನಮ್ಮದೇ ಕಲಬುರಗಿ ಜಿಲ್ಲೆಯಲ್ಲಿ, ಲಂಬಾಣಿ ತಾಂಡಾಗಳ ಬಡ ಮಹಿಳೆಯರಿಗೆ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ಬೆಳಕಿಗೆ ಬಂದವು. ಬಿಳಿಸೆರಗು, ಹೊಟ್ಟೆನೋವು ಎಂದು ಹೋದವಳು ‘ಇದು ಬೇಕೇ ಬೇಕೆ? ಬೇರೆ ಮಾರ್ಗವಿಲ್ಲವೇ?’ ಎಂದು ಕೇಳಲು ಮೊದಲು ಆ ಪ್ರಶ್ನೆ ಅವಳ ಭಾಷೆಯಲ್ಲಿ ಅವಳಿಗೆ ತಲುಪಬೇಕು.

ದೂರದರ್ಶನದ ಮಿತಿಯನ್ನೂ ಅರಿಯಬೇಕು. ಅದು ಕಣ್ಣೀರು ತರಿಸಿ ಮುಂದಿನ ವಾರ ಬೇರೆ ವಿಷಯಕ್ಕೆ ಹೊರಳುತ್ತದೆ. ಕೆಲವರ ಲೋಭವನ್ನು ತೋರಿಸುವಾಗ, ಹಗಲಿರುಳು ದುಡಿಯುವ ಪ್ರಾಮಾಣಿಕ ವೈದ್ಯರ ಮೇಲೂ ಸಂಶಯ ಬೀಳುತ್ತದೆ. ಪ್ರಶ್ನಿಸುವುದು ಬೇರೆ, ನಂಬಿಕೆಯನ್ನೇ ಕಳೆದುಕೊಳ್ಳುವುದು ಬೇರೆ.

ಆ ಕಂತನ್ನು ಕಂಡು ‘ಇದು ಅಲೋಪಥಿಯವರ ರೋಗ’ ಎಂದು ನಾವು ಆಯುರ್ವೇದದವರು ನಿಶ್ಚಿಂತರಾಗುವಂತಿಲ್ಲ. ಅದೇ ಪರದೆಯ ಮೇಲೆ ಬೆಳಗಿನ ಹೊತ್ತು ಆಯುರ್ವೇದದ ಹೆಸರಿನಲ್ಲಿ ನಡೆಯುವ ಮಾರಾಟವೇನು ಸಣ್ಣದೇ? ಮಧುಮೇಹ, ಕ್ಯಾನ್ಸರ್ ಮೊದಲಾದ ರೋಗಗಳನ್ನು ಗುಣಪಡಿಸುವುದಾಗಿ ಔಷಧಗಳ ಜಾಹೀರಾತು ನೀಡುವುದು 1954ರ ಕಾಯ್ದೆಯಂತೆ ಅಪರಾಧ. ಆದರೂ ‘ಸಕ್ಕರೆ ಕಾಯಿಲೆ ಬುಡಸಮೇತ ಮಾಯ’ ಎಂಬ ಮಾತನ್ನು ನಂಬಿ ಇನ್ಸುಲಿನ್ ನಿಲ್ಲಿಸಿ, ಕಾಲಿನ ಹುಣ್ಣಿನೊಡನೆ ಬರುವ ರೋಗಿಗಳನ್ನು ನಾನು ನೋಡುತ್ತಿದ್ದೇನೆ. ವೈದ್ಯವೇಷ ತೊಟ್ಟ ಕಪಟಿಗಳನ್ನು ಚರಕರು ಅಂದೇ ಗುರುತಿಸಿ ಎಚ್ಚರಿಸಿದ್ದಾರೆ. ಅವರ ಹೆಸರು ಹೇಳಿ ಬದುಕುವ ನಾವು ಈ ವಂಚನೆಯನ್ನು ಮೊದಲು ಖಂಡಿಸಬೇಕು.

ಉಳಿದರ್ಧ ದಾರಿಯನ್ನು ನಾವೇ ನಡೆಯಬೇಕು. ಔಷಧದ ಜೆನೆರಿಕ್ ಹೆಸರನ್ನು ಬರೆದುಕೊಡಲು ವೈದ್ಯರನ್ನು ವಿನಯದಿಂದ ಕೇಳಿರಿ; ಸಮೀಪದ ಜನೌಷಧಿ ಕೇಂದ್ರದಲ್ಲಿ ಬೆಲೆ ವಿಚಾರಿಸಿರಿ. ತುರ್ತಲ್ಲದ ಶಸ್ತ್ರಚಿಕಿತ್ಸೆಗೆ ಮುನ್ನ ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಚಿಕಿತ್ಸಾ ದಾಖಲೆಗಳನ್ನು ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳೇ ಹೇಳುತ್ತವೆ. ಶುಲ್ಕದ ಪಟ್ಟಿಯನ್ನು ಕಾಣುವಂತೆ ಹಾಕಬೇಕೆಂಬುದು ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ವಿಧಿ. ಅದು ನಮ್ಮ ಆಯುರ್ವೇದ ಚಿಕಿತ್ಸಾಲಯಗಳಿಗೂ ಅನ್ವಯಿಸುತ್ತದೆ. ಜಾಹೀರಾತು ನೋಡಿ ನಡೆಯುತ್ತಿರುವ ಔಷಧವನ್ನು ಎಂದಿಗೂ ನಿಲ್ಲಿಸಬೇಡಿರಿ.

ವೈದ್ಯವೃತ್ತಿಯನ್ನು ಕಾಯಕವೆಂದು ಬಗೆದವನಿಗೆ ರೋಗಿಯ ಪ್ರಶ್ನೆ ಅಪಮಾನವಾಗದು. ಉತ್ತರಿಸುವುದೂ ಚಿಕಿತ್ಸೆಯ ಒಂದು ಭಾಗವೇ.