ತಾನಾಗಿ ಸರಿಹೋಗುತ್ತದಂತೆ!

ನಮ್ಮಲ್ಲಿ ಬಹಳ ಅಗ್ಗವಾಗಿ ಸಿಗುವ ಔಷಧಿಯೊಂದಿದೆ. ಅದಕ್ಕೆ ಚೀಟಿ ಬೇಡ, ವೈದ್ಯರು ಬೇಡ, ಕಾಸೂ ಬೇಡ. 'ತಾನಾಗಿ ಸರಿಹೋಗುತ್ತೆ ಬಿಡಿ' ಎಂಬುದೇ ಆ ಔಷಧಿ. ವರ್ಷ ತುಂಬಿದರೂ ಕೂರದ ಮಗುವಿಗೆ ಅದೇ, ಎರಡು ತುಂಬಿದರೂ 'ಅಮ್ಮ' ಎನ್ನದ ಮಗುವಿಗೆ ಅದೇ, ಕರೆದರೆ ತಿರುಗಿ ನೋಡದ ಮಗುವಿಗೂ ಅದೇ. ಕೊಡುವವರಿಗೆ ಪುಣ್ಯ ಕಟ್ಟಿಕೊಂಡ ತೃಪ್ತಿ. ಕಳೆದುಹೋಗುವ ತಿಂಗಳುಗಳು ಮಾತ್ರ ಮಗುವಿನವು.

ಈ ಔಷಧಿಯನ್ನು ನಮ್ಮ ಮನೆಗೆ ಹೊತ್ತು ತಂದವರು ಒಬ್ಬಿಬ್ಬರಲ್ಲ. ನನ್ನ ಮಗಳ ಮಗ ಎಂಟನೆಯ ತಿಂಗಳಲ್ಲೇ ಹುಟ್ಟಿದವನು. ತೂಕ ಒಂದೂವರೆ ಕಿಲೋ. ಮೊದಲ ಮೂರು ವಾರ ಗಾಜಿನ ಪೆಟ್ಟಿಗೆಯೇ ಅವನ ತೊಟ್ಟಿಲು. ಆಮೇಲೂ ನೆಗಡಿ ಬಂದರೆ ಎದೆಗಿಳಿಯುತ್ತಿತ್ತು, ಎದೆಗಿಳಿದರೆ ಆಸ್ಪತ್ರೆ. ಕೂತದ್ದು ಹನ್ನೊಂದನೆಯ ತಿಂಗಳಲ್ಲಿ. ಈಗ ಎರಡು ವರ್ಷ ನಾಲ್ಕು ತಿಂಗಳು. ಗೋಡೆ ಹಿಡಿದು ನಡೆಯುತ್ತಾನೆ. ಒಂದೂವರೆ ವರ್ಷವಾದರೂ ಬಾಯಿಂದ ಒಂದು ಮಾತು ಬಂದಿರಲಿಲ್ಲ. ನೋಡಲು ಬಂದವರೆಲ್ಲ ಪಂಡಿತರೇ. 'ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದಂತೆ' ಎಂದರು ಒಬ್ಬರು. 'ಬಜೆ ತೇದು ನಾಲಿಗೆಗೆ ಸವರಿ ಟೀಚರ್' ಎಂದರು ಇನ್ನೊಬ್ಬರು. 'ಬಸುರಿಯಲ್ಲಿ ಗ್ರಹಣದ ದಿನ ಹೊರಗೆ ಬಂದಿದ್ದಳೇನೋ' ಎಂದು ಪಿಸುಗುಟ್ಟಿದವರೂ ಉಂಟು. ಇವರೆಲ್ಲ ಹೋಗಲಿ, ಓದಿದ ವೈದ್ಯರೊಬ್ಬರು ತಲೆಯೆತ್ತದೆ 'ಗಂಡುಮಕ್ಕಳು ಸ್ವಲ್ಪ ತಡ, ಮೂರು ತುಂಬಲಿ ನೋಡೋಣ' ಎಂದು ಕಳಿಸಿದರು.

ನನ್ನ ಮಗಳು ಮೂರು ತುಂಬಲು ಕಾಯಲಿಲ್ಲ. ಕಿವಿಯ ಪರೀಕ್ಷೆ ಮಾಡಿಸಿದಳು. ಎರಡೂ ಕಿವಿಯ ತಮಟೆಯ ಹಿಂದೆ ದ್ರವ ತುಂಬಿಕೊಂಡಿತ್ತು. ಪದೇಪದೇ ನೆಗಡಿಯಾಗುವ ಮಕ್ಕಳಲ್ಲಿ ಇದು ಅಪರೂಪವಲ್ಲವಂತೆ. ನೀರಿನಲ್ಲಿ ಮುಳುಗಿದವನಿಗೆ ದಡದ ಮಾತು ಕೇಳಿದಂತೆ ಆ ಕೂಸಿಗೆ ನಮ್ಮ ಮಾತು ಕೇಳುತ್ತಿತ್ತು! ಕಿವಿಗೆ ಚಿಕಿತ್ಸೆಯಾಯಿತು, ಮಾತಿನ ಅಭ್ಯಾಸ ಶುರುವಾಯಿತು. ಈಗ ಇಪ್ಪತ್ತು ಮಾತು ಆಡುತ್ತಾನೆ. ಕಾಲಿಗೆ ಇನ್ನೂ ವ್ಯಾಯಾಮ ನಡೆಯುತ್ತಿದೆ. ಎಲ್ಲವೂ ಸರಿಹೋಗಿದೆ ಎಂದು ನಾನು ಹೇಳುತ್ತಿಲ್ಲ. ಸರಿಹೋದಷ್ಟೂ ತಾನಾಗಿ ಸರಿಹೋದದ್ದಲ್ಲ ಎನ್ನುತ್ತಿದ್ದೇನೆ.

'ಎಲ್ಲ ಮಕ್ಕಳೂ ಒಂದೇ ಥರ ಬೆಳೆಯುತ್ತಾರೇನ್ರೀ?' ಎಂದು ಕೇಳಬಹುದು. ಬೆಳೆಯುವುದಿಲ್ಲ, ಒಪ್ಪಿದೆ. ಹತ್ತು ತಿಂಗಳಿಗೇ ಹೆಜ್ಜೆ ಇಡುವ ಮಗುವೂ ಇದೆ, ಹದಿನೈದಕ್ಕೆ ಇಡುವ ಮಗುವೂ ಇದೆ. ದಿನ ತುಂಬದೆ ಹುಟ್ಟಿದ ಮಗುವಿನ ಬೆಳವಣಿಗೆಯನ್ನು ಎರಡು ವರ್ಷದವರೆಗೆ ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಿದ್ದ ದಿನದಿಂದ ಎಣಿಸಬೇಕು ಎಂದು ವೈದ್ಯರೇ ಹೇಳುತ್ತಾರೆ. ಆದರೆ ಸುಮ್ಮನೆ ಕಾಯುವುದು ಬೇರೆ, ಕಣ್ಣಿಟ್ಟು ಕಾಯುವುದು ಬೇರೆ. ಪರೀಕ್ಷೆ ಮಾಡಿಸಿ ಏನೂ ಇಲ್ಲವೆಂದಾದರೆ ನಷ್ಟವಾಗುವುದು ಒಂದು ದಿನ. ಮಾಡಿಸದೆ ಬಿಟ್ಟು ಏನೋ ಇದೆಯೆಂದು ಆಮೇಲೆ ತಿಳಿದರೆ ನಷ್ಟವಾಗುವುದು ವರ್ಷಗಳು. ಈ ಲೆಕ್ಕ ಮಾಡಲು ಗಣಿತದ ಮೇಷ್ಟರೇ ಆಗಬೇಕಿಲ್ಲ.

ಕೆಲವು ಗಡುವುಗಳಂತೂ ಯಾರಿಗಾಗಿಯೂ ನಿಲ್ಲುವುದಿಲ್ಲ. ಹುಟ್ಟಿನಿಂದಲೇ ಥೈರಾಯಿಡ್ ಕೊರತೆಯಿರುವ ಮಗುವಿನ ಹಿಮ್ಮಡಿಯಿಂದ ಒಂದೆರಡು ತೊಟ್ಟು ರಕ್ತ ತೆಗೆದು ನೋಡಿದರೆ ಸಾಕು, ತಿಳಿಯುತ್ತದೆ. ಎರಡು ವಾರದೊಳಗೆ ಮಾತ್ರೆ ಶುರುಮಾಡಿದರೆ ಬುದ್ಧಿ ಉಳಿಯುತ್ತದೆ; ತಿಂಗಳುಗಟ್ಟಲೆ ತಡವಾದರೆ ಕಳೆದ ಬುದ್ಧಿಯನ್ನು ಯಾವ ಮಾತ್ರೆಯೂ ತರಲಾರದು. ಕಿವಿಯ ತಪಾಸಣೆ 1 ತಿಂಗಳೊಳಗೆ, ದೋಷದ ನಿರ್ಧಾರ 3 ತಿಂಗಳೊಳಗೆ, ಚಿಕಿತ್ಸೆಯ ಆರಂಭ 6 ತಿಂಗಳೊಳಗೆ ಆಗಬೇಕೆಂಬುದು ತಜ್ಞರ ನಿಯಮ. ಮೂರು ವರ್ಷ ತುಂಬಲಿ ಎನ್ನುವವರು ಈ ನಿಯಮವನ್ನು ಯಾವ ಬಾವಿಗೆ ಹಾಕಿದರು?

ಇನ್ನೊಂದು ಹೊಸ ಬುದ್ಧಿವಾದ ಪೇಟೆಯಿಂದ ಹಳ್ಳಿಗೂ ಇಳಿದಿದೆ. ಮಗುವಿನ ಮಾತು ತಡವಾಯಿತೇ? ಮನೆಯಲ್ಲಿ ಕನ್ನಡ ನಿಲ್ಲಿಸಿ, ಬರೀ ಇಂಗ್ಲಿಷ್ ಆಡಿ! ಎರಡು ಭಾಷೆ ಕೇಳಿ ಮಗು ಗೊಂದಲಗೊಂಡಿದೆಯಂತೆ. ಎರಡು ಭಾಷೆ ಕೇಳುವುದರಿಂದ ಮಾತು ತಡವಾಗುವುದಿಲ್ಲ ಎಂದು ಭಾಷಾ ತಜ್ಞರು ಎಂದೋ ತೋರಿಸಿಕೊಟ್ಟಿದ್ದಾರೆ. ನಮ್ಮ ಗಡಿ ತಾಲ್ಲೂಕುಗಳಲ್ಲಿ ಮನೆಯಲ್ಲೊಂದು, ಬೀದಿಯಲ್ಲೊಂದು ಭಾಷೆ ಕೇಳಿ ಬೆಳೆದ ಮಕ್ಕಳೆಲ್ಲ ಮೂಕರಾಗಿದ್ದಾರೆಯೇ? ಅಜ್ಜಿಗೆ ಬಾರದ ಭಾಷೆಯಲ್ಲಿ ಅಜ್ಜಿ ಮೊಮ್ಮಗನನ್ನು ಮುದ್ದಿಸುವುದು ಹೇಗೆ? ಮಾತಿನ ಕೊರತೆಯಿರುವ ಮಗುವಿಗೆ ಮನೆಯ ಅರ್ಧ ಜನರನ್ನೇ ಮೂಕರಾಗಿಸುವ ಈ ಉಪದೇಶವನ್ನು ನಾನು ಅವಿವೇಕವೆಂದೇ ಕರೆಯುತ್ತೇನೆ.

ಹೆತ್ತವಳ ಪಾಡು ಕೇಳಿ. ಅವಳನ್ನು ಒಂದು ಬಾಯಲ್ಲಿ ಬೈಯುತ್ತೇವೆ, ಇನ್ನೊಂದು ಬಾಯಲ್ಲಿ ದೇವರು ಮಾಡುತ್ತೇವೆ. ಕೆಲಸಕ್ಕೆ ಹೋದಳು, ಆದ್ದರಿಂದ ಹೀಗಾಯಿತು ಎನ್ನುವುದು ಬೈಗುಳ. ತಾಯಿಯ ತಾಳ್ಮೆಗೆ ಸಾಟಿಯಿಲ್ಲ ಎನ್ನುವುದು ಪೂಜೆ. ಎರಡರ ಫಲವೂ ಒಂದೇ: ಭಾರವೆಲ್ಲ ಅವಳ ಸೊಂಟದ ಮೇಲೆ, ಉಳಿದವರು ನಿರಾಳ. ನನ್ನ ಮಗಳು ಖಾಸಗಿ ಕಂಪನಿಯ ಕೆಲಸ ಬಿಟ್ಟಳು, ಬಿಡಬೇಕಾಯಿತು. ಅಳಿಯಂದಿರು ಶನಿವಾರ ಶನಿವಾರ ಮಗುವನ್ನು ವ್ಯಾಯಾಮಕ್ಕೆ ಎತ್ತಿಕೊಂಡು ಹೋದರೆ 'ಪಾಪ, ಎಂಥ ಗಂಡ!' ಎಂದು ಬೀದಿಯೇ ಹೊಗಳುತ್ತದೆ. ಉಳಿದ ಆರು ದಿನ ಹೋಗುವವಳನ್ನು ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಹಿಮಾಚಲ ಪ್ರದೇಶದ ಕಾಲೇಜು ಅಧ್ಯಾಪಕಿಯೊಬ್ಬರ ಪ್ರಕರಣದಲ್ಲಿ, ಅಂಗವೈಕಲ್ಯವಿರುವ ಮಗುವಿನ ತಾಯಿಗೆ ಶಿಶುಪಾಲನಾ ರಜೆ ನಿರಾಕರಿಸುವುದು ಸಂವಿಧಾನದ ಆಶಯಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು 2024ರ ಏಪ್ರಿಲ್‌ನಲ್ಲಿ ಹೇಳಿತು. ಸಂತೋಷ. ಆದರೆ ಅಂಗಡಿಯಲ್ಲಿ, ಗಾರ್ಮೆಂಟ್ಸ್‌ನಲ್ಲಿ, ತೋಟದಲ್ಲಿ ದುಡಿಯುವ ತಾಯಿ ಯಾವ ಕೋರ್ಟಿನ ಮೆಟ್ಟಿಲು ಹತ್ತಬೇಕು?

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳಲಾರೆ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಅದರ ಪ್ರಕಾರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ಪರೀಕ್ಷಿಸಬೇಕು. ಹೆಚ್ಚಿನ ಆರೈಕೆ ಬೇಕಾದವರನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ ಇರುವವರಿಗೆ 1 ಲಕ್ಷ ರೂಪಾಯಿವರೆಗಿನ 'ನಿರಾಮಯ' ವಿಮೆಯಿದೆ. ಗರ್ಭಿಣಿಗೆ ಕೊಡುವ ತಾಯಿ ಕಾರ್ಡಿನಲ್ಲೇ ಮಗು ಯಾವ ತಿಂಗಳಿಗೆ ಏನು ಮಾಡಬೇಕೆಂಬ ಚಿತ್ರಗಳಿವೆ. ಆದರೆ ಆ ಕಾರ್ಡನ್ನು ನಾವು ಚುಚ್ಚುಮದ್ದಿನ ದಿನ ತೆಗೆದು ಮತ್ತೆ ಟ್ರಂಕಿಗೆ ಹಾಕುತ್ತೇವೆ. ಜಿಲ್ಲಾ ಕೇಂದ್ರವೋ ನಮ್ಮೂರಿಂದ 40 ಕಿಲೋಮೀಟರು. ಕೆಮ್ಮುವ ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಾಯಿಸಿ, ಅರ್ಧ ಗಂಟೆಯ ಅಭ್ಯಾಸಕ್ಕೆ ಇಡೀ ದಿನ ಕಳೆಯುವವಳಿಗೆ ಯೋಜನೆಯ ಹೆಸರು ಎಷ್ಟು ಉದ್ದವಿದ್ದರೇನು?

ಕಾನೂನಿನ ವಿಚಿತ್ರವನ್ನೂ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14ರ ಮಕ್ಕಳಿಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉಚಿತ ಶಿಕ್ಷಣ ಕೊಡುವುದು 6ರಿಂದ 18ರವರೆಗೆ. ಮಿದುಳಿನ ಬೆಳವಣಿಗೆಯ ಶೇಕಡ 85ಕ್ಕೂ ಹೆಚ್ಚು ಭಾಗ 6 ವರ್ಷದೊಳಗೇ ಆಗಿಬಿಡುತ್ತದೆ ಎನ್ನುವುದು 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಹಾಗಾದರೆ ಹಕ್ಕು ಶುರುವಾಗುವುದು ಕಟ್ಟಡ ಬಹುಪಾಲು ಮುಗಿದ ಮೇಲೆ! ಬುನಾದಿ ಹಾಕುವಾಗ ಯಾರೂ ಇಲ್ಲ, ಗೃಹಪ್ರವೇಶಕ್ಕೆ ಎಲ್ಲರೂ.

ನಮ್ಮ ಶಾಲೆಗಳ ವಿಷಯಕ್ಕೂ ಬರುತ್ತೇನೆ. ಒಂದು ಶಿಶುವಿಹಾರದವರು ನನ್ನ ಮೊಮ್ಮಗನನ್ನು ಐದು ನಿಮಿಷ ನೋಡಿ, 'ಬೇರೆ ಮಕ್ಕಳ ಪೋಷಕರು ಒಪ್ಪೋದಿಲ್ಲ ಮೇಡಂ' ಎಂದರು. ಯಾವ ಪೋಷಕರನ್ನೂ ಅವರು ಕೇಳಿರಲಿಲ್ಲ. ನಮ್ಮ ಬೀದಿಯ ಅಂಗನವಾಡಿಯಲ್ಲಿ ಕಾರ್ಯಕರ್ತೆ, ಮೂರು ತುಂಬದಿದ್ದರೂ ದಿನಾ ಒಂದು ಗಂಟೆ ಅವನನ್ನು ಮಕ್ಕಳ ನಡುವೆ ಕೂರಿಸಿಕೊಳ್ಳುತ್ತಾಳೆ. ಅಲ್ಲಿನ ಮಕ್ಕಳು ಅವನಿಗೆ ಚೆಂಡು ಉರುಳಿಸುತ್ತಾರೆ, ಬಿದ್ದರೆ ಎತ್ತುತ್ತಾರೆ. ಯಾವ ಪೋಷಕರೂ ಜಗಳಕ್ಕೆ ಬಂದಿಲ್ಲ. ಒಳ್ಳೆಯ ಮಕ್ಕಳನ್ನು ಮಾತ್ರ ಆರಿಸಿಕೊಂಡು ಒಳ್ಳೆಯ ಶಾಲೆ ಎನಿಸಿಕೊಳ್ಳುವುದು ಯಾವ ದೊಡ್ಡಸ್ತಿಕೆ? ನಾನೂ ಬಿ.ಎಡ್. ಓದಿದವಳು, ಬಂದ ಮಗುವಿಗೆ ಕಲಿಸಿ ಎಂದು ನಮಗೆ ಹೇಳಿಕೊಟ್ಟರೇ ಹೊರತು, ಕಲಿತ ಮಗುವನ್ನೇ ಹುಡುಕಿ ಎಂದು ಹೇಳಿಕೊಡಲಿಲ್ಲ.

ಆದ್ದರಿಂದ ನಾನು ಕೇಳುವುದು ಇಷ್ಟೆ. ಮಾತಿಗೆ, ಕೈಕಾಲಿಗೆ ಅಭ್ಯಾಸ ಮಾಡಿಸುವವರು ವಾರಕ್ಕೊಂದು ದಿನವಾದರೂ ತಾಲ್ಲೂಕು ಆಸ್ಪತ್ರೆಗೆ ಬರಲಿ. ಹಕ್ಕು ಆರನೆಯ ವರ್ಷದಿಂದಲ್ಲ, ಹುಟ್ಟಿದ ದಿನದಿಂದ ಶುರುವಾಗಲಿ. ವೈದ್ಯರು ತಲೆಯೆತ್ತಿ ಮಗುವನ್ನು ನೋಡಲಿ. ತಂದೆಯಾದವನು ಹೊಗಳಿಕೆಗೆ ಕಾಯದೆ ಆರು ದಿನದಲ್ಲಿ ಮೂರು ದಿನ ಹೊರಲಿ. ಇನ್ನು ಬಂಧುಗಳು, ನೆರೆಹೊರೆಯವರು: ನಿಮ್ಮ ಸಲಹೆಯನ್ನು ನಿಮ್ಮ ಮನೆಯಲ್ಲೇ ಇಟ್ಟು ಬನ್ನಿ. ಬಂದವರು ಮಗುವನ್ನು ಒಂದು ಗಂಟೆ ಎತ್ತಿಕೊಳ್ಳಿ. ಅಷ್ಟರಲ್ಲಿ ಅದರ ತಾಯಿ ತಲೆಗೆ ನೀರು ಹಾಕಿಕೊಂಡು, ಬಿಸಿ ಅನ್ನ ಉಣ್ಣಲಿ.