ಹುಟ್ಟುಹಬ್ಬಕ್ಕೆ ಸಾಲವೇಕೆ, ಕೈಗಳಿರುವಾಗ?



ಮಕ್ಕಳ ಹುಟ್ಟುಹಬ್ಬದ ಮಾತನ್ನು ಸಂಘದ ಪತ್ರಿಕೆಯಲ್ಲಿ ಬರೆಯುವುದುಂಟೇ ಎಂದು ಕೆಲವರು ಕೇಳಬಹುದು. ಸಂಬಳ, ರಜೆ, ಬೋನಸ್ಸು ಇವು ಸಂಘದ ವಿಷಯಗಳು. ಕೇಕು, ಬಲೂನು ಮನೆಯ ವಿಷಯಗಳು ಎಂದು ಅವರ ಎಣಿಕೆ. ಆದರೆ ನಾವು ಹೋರಾಡಿ ಪಡೆದ ಸಂಬಳ ಕೊನೆಗೆ ಹೋಗುವುದು ಮನೆಗೇ ಅಲ್ಲವೇ? ಅದು ಅಲ್ಲಿ ಯಾವ ದಾರಿಯಲ್ಲಿ ಸೋರುತ್ತದೆ ಎಂಬುದನ್ನು ನೋಡುವುದು ಸಹ ಸಂಘದ ಕೆಲಸವೆಂದು ನಾನು ತಿಳಿದಿದ್ದೇನೆ.

ಠಾಣೆಯಿಂದ ಕಲ್ಯಾಣದವರೆಗೆ, ಆಚೆ ತುರ್ಭೆ, ನೆರೂಳಿನವರೆಗೆ ನಮ್ಮ ಜನರ ಖೋಲಿಗಳಲ್ಲಿ ಈಚೆಗೆ ಒಂದು ಪದ್ಧತಿ ಬೇರೂರಿದೆ. ಮಗುವಿಗೆ ವರ್ಷ ತುಂಬಿತೆಂದರೆ ಹಾಲ್ ಆಗಬೇಕು, ಬಲೂನಿನ ಕಮಾನು ಆಗಬೇಕು, ಮಗುವಿನ ಫೋಟೋ ಇರುವ ಬ್ಯಾನರ್ ಆಗಬೇಕು, ಬಂದ ಮಕ್ಕಳಿಗೆಲ್ಲ ‘ರಿಟರ್ನ್ ಗಿಫ್ಟ್’ ಆಗಬೇಕು. ಹಿಂದೆ ದೇವರಿಗೆ ದೀಪ ಹಚ್ಚಿ, ಪಾಯಸ ಮಾಡಿ, ಹಿರಿಯರ ಕಾಲಿಗೆ ಬೀಳಿಸಿ ಮುಗಿಸುತ್ತಿದ್ದ ಕೆಲಸಕ್ಕೆ ಈಗ ಸಪ್ಲೈಯರನ ಸಂಬಳ ಸಾಲದು. ಸಾಲದ್ದಕ್ಕೆ ಏನು ದಾರಿ? ಮಾಲಕರ ಹತ್ತಿರ ಅಡ್ವಾನ್ಸ್, ಇಲ್ಲವೇ ಅವಧಿಗೆ ಮುಂಚೆಯೇ ಎತ್ತಿದ ಭಿಶಿ, ಇಲ್ಲವೇ ಬಡ್ಡಿಯವನ ಬಾಗಿಲು.

ಈ ಸಾಲವನ್ನು ತೀರಿಸುವ ಬಗೆ ಹೇಗೆ ಎಂಬುದನ್ನು ನೋಡಿರಿ. ತಂದೆ ಡಬಲ್ ಪಾಳಿ ಮಾಡುತ್ತಾನೆ, ವಾರದ ರಜೆ ಬಿಡುತ್ತಾನೆ. ಬೆಳಿಗ್ಗೆ ಮಗು ಏಳುವ ಮೊದಲು ಲೋಕಲ್ ಹಿಡಿಯುವವನು, ಅದು ಮಲಗಿದ ಮೇಲೆ ಮನೆಗೆ ಬರುತ್ತಾನೆ. ಒಂದು ಸಂಜೆಯ ಸಡಗರಕ್ಕಾಗಿ ಮಗು ಮೂರು ತಿಂಗಳು ತಂದೆಯ ಮುಖ ಕಾಣದೆ ಕಳೆಯುತ್ತದೆ. ಇದು ಯಾವ ಲೆಕ್ಕ? ಅಡ್ವಾನ್ಸ್ ತೆಗೆದುಕೊಂಡವನು ಹಕ್ಕಿನ ಮಾತನ್ನು ಗಟ್ಟಿಯಾಗಿ ಆಡಲಾರ, ಬೇರೆ ಕಡೆ ಹೆಚ್ಚು ಸಂಬಳ ಸಿಕ್ಕಿದರೂ ಹೋಗಲಾರ ಎಂಬುದು ಹೋಟೆಲ್ ಲೈನಿನಲ್ಲಿರುವ ಯಾರಿಗೂ ಹೊಸತಲ್ಲ.

ಕೆಲಸ ಯಾವಾಗ ನಿಲ್ಲುತ್ತದೆಂದು ಹೇಳುವವರು ಯಾರು? ೧೯೮೨ರ ಜನವರಿ ೧೮ರಂದು ಮುಂಬಯಿಯ ಮಿಲ್ ಮುಷ್ಕರ ಆರಂಭವಾದಾಗ ಸುಮಾರು ಎರಡೂವರೆ ಲಕ್ಷ ಕಾರ್ಮಿಕರ ಸಂಬಳ ನಿಂತಿತು. ಅನೇಕರಿಗೆ ಅದು ಮತ್ತೆ ಬರಲೇ ಇಲ್ಲ. ಮೊನ್ನೆ ಮೊನ್ನೆ, ೨೦೨೦ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಹೋಟೆಲಿನವರ ಸರದಿ. ಕೂತು ಉಣ್ಣುವ ಗಿರಾಕಿಗಳಿಗೆ ಮಹಾರಾಷ್ಟ್ರದ ಹೋಟೆಲುಗಳ ಬಾಗಿಲು ತೆರೆದುದು ಅಕ್ಟೋಬರ್ ೫ಕ್ಕೆ. ಆ ಆರು ತಿಂಗಳು ಸಾಲವಿದ್ದವನ ಮನೆ ಮತ್ತು ಸಾಲವಿಲ್ಲದವನ ಮನೆ ಹೇಗಿದ್ದವೆಂಬುದನ್ನು ನೀವೇ ಕಂಡಿದ್ದೀರಿ.

ಹಾಗಾದರೆ ಬಡವರ ಮಕ್ಕಳಿಗೆ ಹುಟ್ಟುಹಬ್ಬ ಬೇಡವೇ? ಖಂಡಿತ ಬೇಕು. ನಮ್ಮಲ್ಲಿ ಎಷ್ಟೋ ಜನ ಹಿರಿಯರಿಗೆ ತಾವು ಹುಟ್ಟಿದ ತಾರೀಕೇ ತಿಳಿಯದು. ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡದ್ದೇ ಜನ್ಮದಿನ. ಎಳೆಯ ವಯಸ್ಸಿನಲ್ಲಿಯೇ ಊರು ಬಿಟ್ಟು ಬಂದು ಮೋರಿಯ ಬಳಿ ಕಪ್ಪು ಬಸಿ ತೊಳೆದವರಿಗೆ ಹುಟ್ಟುಹಬ್ಬ ಎಲ್ಲಿಯದು? ಹೋಟೆಲುಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ ಜಾರಿಗೆ ಬಂದುದೇ ೨೦೦೬ರ ಅಕ್ಟೋಬರ್ ೧೦ರಂದು. ತಮಗೆ ಸಿಗದುದು ಮಕ್ಕಳಿಗೆ ಸಿಗಲಿ ಎಂಬ ತಂದೆತಾಯಿಯರ ಆಸೆಯನ್ನು ನಾನು ಹಳಿಯುವುದಿಲ್ಲ. ಆ ಆಸೆಯನ್ನು ಅಂಗಡಿಯವನ ಕೈಗೆ ಯಾಕೆ ಕೊಡಬೇಕು ಎಂಬುದೇ ನನ್ನ ಪ್ರಶ್ನೆ.

ನಾವು ಕೈಕೆಲಸದ ಜನ. ಪಾರ್ಸೆಲ್ ಕಟ್ಟುವ ನಮ್ಮ ಹುಡುಗ ಕಣ್ಣುಮುಚ್ಚಿ ತೆರೆಯುವುದರೊಳಗೆ ಕಾಗದ ಮಡಚಿ, ದಾರ ಸುತ್ತಿ, ಗಂಟು ಹಾಕಿ ಕೊಡುತ್ತಾನೆ. ಭಿವಂಡಿಯ ಪವರ್‌ಲೂಮಿನಲ್ಲಿ ತುಂಡಾದ ಎಳೆಯನ್ನು ಕ್ಷಣದಲ್ಲಿ ಹುಡುಕಿ ಕೂಡಿಸುವವರು ನಮ್ಮವರು. ಇಂಥ ಕೈಗಳಿರುವವರು ಬಣ್ಣದ ಕಾಗದದ ಮಾಲೆಗೆ ಅಂಗಡಿಗೆ ಹೋಗುವುದು ನಗೆಗೇಡು. ಮಾಡತಕ್ಕ ಕೆಲವು ವಸ್ತುಗಳನ್ನು ಇಲ್ಲಿ ಹೇಳುತ್ತೇನೆ.

ಮೊದಲು ಅಂಟು. ಒಂದು ಚಮಚ ಮೈದಾಕ್ಕೆ ಆರೇಳು ಚಮಚ ತಣ್ಣೀರು ಹಾಕಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿರಿ. ಹೊಳಪು ಬಂದು ಗಟ್ಟಿಯಾದಾಗ ಇಳಿಸಿರಿ. ಹುಳ ಬೀಳದಿರಲೆಂದು ಕೆಲವರು ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ಮಕ್ಕಳು ಮುಟ್ಟುವ ಅಂಟಿಗೆ ಬೇಡ. ಬೇಕಾದಷ್ಟನ್ನೇ ಆ ದಿನ ಮಾಡಿಕೊಂಡರೆ ಸಾಕು.

ಎರಡನೆಯದು ತೋರಣ. ಸಂಕ್ರಾಂತಿ ಮುಗಿದ ಮೇಲೆ ಪತಂಗದ ಕಾಗದ ಅಗ್ಗವಾಗಿ ಸಿಗುತ್ತದೆ; ಆಗಲೇ ತಂದಿಟ್ಟುಕೊಳ್ಳಿರಿ. ನಾಲ್ಕು ಬೆರಳಗಲದ ಪಟ್ಟಿ ಕತ್ತರಿಸಿ, ಒಂದು ಅಂಚನ್ನು ಬಾಚಣಿಗೆಯ ಹಲ್ಲಿನಂತೆ ಸೀಳಿ, ಇನ್ನೊಂದು ಅಂಚನ್ನು ಪಾರ್ಸೆಲ್ ದಾರದ ಮೇಲೆ ಮಡಚಿ ಅಂಟಿಸಿದರೆ ಖೋಲಿಯ ಈ ಗೋಡೆಯಿಂದ ಆ ಗೋಡೆಗೆ ಮಾಲೆ. ಮಾವಿನೆಲೆ ಸಿಕ್ಕಿದರೆ ನಡುನಡುವೆ ಸೇರಿಸಿರಿ. ಹಳೆಯ ವರ್ತಮಾನ ಪತ್ರಿಕೆಯಿಂದ ಎಲ್ಲ ಮಕ್ಕಳಿಗೂ ಟೊಪ್ಪಿ ಮಡಚಬಹುದು. ಮಡಚುವುದನ್ನು ಮಕ್ಕಳಿಗೇ ಕಲಿಸಿರಿ. ಅದೇ ಒಂದು ಆಟವಾಗುತ್ತದೆ.

ಮೂರನೆಯದು ಬೆಂಕಿಪೆಟ್ಟಿಗೆಯ ರೈಲು. ಐದಾರು ಖಾಲಿ ಪೆಟ್ಟಿಗೆ, ಹಳೆಯ ಶರ್ಟಿನ ಗುಂಡಿಗಳು, ದಾರ. ಗೀರುವ ಮದ್ದಿನ ಬದಿಗೆ ಬಣ್ಣದ ಕಾಗದ ಅಂಟಿಸಿ ಮುಚ್ಚಿರಿ. ಪೆಟ್ಟಿಗೆಗೆ ನಾಲ್ಕರಂತೆ ಗುಂಡಿಗಳನ್ನು ಗಾಲಿಯಾಗಿ ಅಂಟಿಸಿ, ಪೆಟ್ಟಿಗೆಗಳನ್ನು ದಾರದಿಂದ ಒಂದಕ್ಕೊಂದು ಪೋಣಿಸಿರಿ. ಮುಂದಿನ ಡಬ್ಬಿಯ ಮೇಲೆ ‘ಕಲ್ಯಾಣ ಸ್ಲೋ’ ಎಂದು ಬರೆದುಕೊಡಿ, ಮಕ್ಕಳು ದಿನವಿಡೀ ಎಳೆಯುತ್ತಾರೆ. ಗುಂಡಿಯನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಕೂಸಿಗೆ ಮಾತ್ರ ಇದನ್ನು ಕೊಡಬಾರದು.

ನಾಲ್ಕನೆಯದು ಲೂಮಿನವರ ಪಾಲಿನದು. ನೂಲು ಮುಗಿದ ಮೇಲೆ ಉಳಿಯುವ ರಟ್ಟಿನ ಕೋನು ಬೊಂಬೆಗೆ ಹೇಳಿ ಮಾಡಿಸಿದ ಮೈ. ಅದರ ತುದಿಗೆ ಚಿಂದಿಯ ಉಂಡೆ ಕಟ್ಟಿ ತಲೆ ಮಾಡಿ, ಕಪ್ಪು ದಾರದ ಜಡೆ ಹಾಕಿ, ತುಂಡು ಬಟ್ಟೆಯ ಸೀರೆ ಉಡಿಸಿದರೆ ಹೆಣ್ಣುಮಗುವಿಗೆ ಅದಕ್ಕಿಂತ ಬೇರೆ ಬೊಂಬೆ ಬೇಡ.

ವಿಜಾಪುರ, ಬೆಳಗಾವಿ ಕಡೆಯ ತಾಯಂದಿರಿಗೆ ನಾನು ಹೇಳತಕ್ಕದ್ದೇನೂ ಇಲ್ಲ, ಅವರಿಂದ ಕಲಿಯತಕ್ಕದ್ದೇ ಹೆಚ್ಚು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಬಣ್ಣದ ತುಂಡು ಕೂಡಿಸಿ ಹೊಲಿಯುವ ಕೌದಿಗಿಂತ ದೊಡ್ಡ ಉಡುಗೊರೆ ಯಾವ ಅಂಗಡಿಯಲ್ಲಿದೆ? ಅಜ್ಜಿಯ ಸೀರೆ, ತಾಯಿಯ ಕುಪ್ಪಸ, ತಂದೆಯ ಅಂಗಿ ಮೂರೂ ಮಗುವಿನ ಮೈಮೇಲೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ಕೈಗಳು, ಆಷಾಢದಲ್ಲಿ ಗುಳ್ಳವ್ವನನ್ನು ಮಾಡಿದ ಕೈಗಳು ನಮ್ಮ ಚಾಳುಗಳಲ್ಲಿ ಸುಮ್ಮನೆ ಕೂತಿವೆ. ಕುಂದಾಪುರ, ಉಡುಪಿ ಕಡೆಯವರಿಗೆ ತೆಂಗಿನ ಗರಿಯ ಪೀಪಿ, ಚೆಂಡು, ಹಾವು, ಕೈಗಡಿಯಾರ ಗೊತ್ತು. ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡ ನೆನಪೂ ಇದ್ದೀತು. ಇವನ್ನು ನಮ್ಮ ಮಕ್ಕಳಿಗೆ ನಾವು ತೋರಿಸದಿದ್ದರೆ ಬೇರೆ ಯಾರು ತೋರಿಸುತ್ತಾರೆ?

ಇದೆಲ್ಲ ಹಳ್ಳಿಗರ ಆಟ, ಓದುವ ಮಕ್ಕಳಿಗೆ ತಕ್ಕುದಲ್ಲ ಎಂದು ಯಾರೂ ಹೇಳಬಾರದು. ಅರವಿಂದ ಗುಪ್ತ ಎಂಬವರು ಕಾನ್ಪುರದ ಐ.ಐ.ಟಿ.ಯಲ್ಲಿ ಓದಿ ಪುಣೆಯ ಟೆಲ್ಕೋದಲ್ಲಿ ಇಂಜಿನಿಯರ್ ಆಗಿದ್ದವರು. ೧೯೭೮ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದಿಗೆ, ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಕಲಿಸುವ ಕೆಲಸಕ್ಕೆ ಹೋದರು. ಅಲ್ಲಿ ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಕೂಡಿಸಿ ಮನೆ, ಗೋಪುರ, ತ್ರಿಕೋನ, ಚೌಕಗಳನ್ನು ಕಟ್ಟಿ ಮಕ್ಕಳಿಗೆ ರೇಖಾಗಣಿತ ತೋರಿಸಿದರು. ಆ ಮೇಲೆ ಪುಣೆಯಲ್ಲಿ ಕಸದಿಂದ ಆಟಿಕೆ ಮಾಡಿಸುವುದನ್ನೇ ಬಾಳಿನ ಕೆಲಸ ಮಾಡಿಕೊಂಡರು. ೨೦೧೮ರಲ್ಲಿ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ಮದ್ದು ಕೆರೆದ ಕಡ್ಡಿ, ವಾಲ್ವ್ ಟ್ಯೂಬು ಇವು ನಮ್ಮ ಯಾವ ಗಲ್ಲಿಯಲ್ಲಿ ಸಿಗುವುದಿಲ್ಲ?

ಪೇಟೆಯ ಸಾಮಾನಿನ ಬಗ್ಗೆಯೂ ಎರಡು ಮಾತು. ಅಲಂಕಾರದ ಥರ್ಮಾಕೋಲು, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಒಮ್ಮೆ ಉಂಡು ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ಇವುಗಳನ್ನೆಲ್ಲ ೨೦೨೨ರ ಜುಲೈ ೧ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಹೀಗಿದ್ದೂ ಮಾರುವವರು ಮಾರುತ್ತಾರೆ, ಕೊಳ್ಳುವವರು ಕೊಳ್ಳುತ್ತಾರೆ, ಮಳೆಗಾಲದಲ್ಲಿ ನಮ್ಮದೇ ಚಾಳಿನ ಗಟಾರ ಕಟ್ಟುತ್ತದೆ. ಊಟಕ್ಕೆ ಬಾಳೆಲೆಯೋ ಪತ್ರಾವಳಿಯೋ ಸಾಕು. ಆಟಿಕೆ ಕೊಳ್ಳಲೇಬೇಕೆಂದರೆ ಐ.ಎಸ್.ಐ. ಗುರುತು ನೋಡಿ ಕೊಳ್ಳಿರಿ. ೨೦೨೧ರ ಜನವರಿ ೧ರಿಂದ ಕಾರ್ಖಾನೆಯ ಆಟಿಕೆಗಳಿಗೆ ಅದು ಕಡ್ಡಾಯ. ಹೈಡ್ರೋಜನ್ ತುಂಬಿದ ಗ್ಯಾಸ್ ಬಲೂನು, ಹಿಮದಂತೆ ಚಿಮ್ಮುವ ಸ್ಪ್ರೇ ಇವೆರಡಕ್ಕೂ ಮೇಣಬತ್ತಿ ತಗಲಿದರೆ ಭಗ್ಗೆಂದು ಹೊತ್ತಿಕೊಳ್ಳಬಹುದು. ಹತ್ತಡಿಯ ಖೋಲಿ, ಮೂಲೆಯಲ್ಲಿ ಗ್ಯಾಸ್ ಸಿಲಿಂಡರ್, ನಡುವೆ ಇಪ್ಪತ್ತು ಮಕ್ಕಳು. ಇಂಥಲ್ಲಿ ಅವು ಬೇಡವೇ ಬೇಡ.

ಇನ್ನು ಕೇಳಿಬರುವ ಆಕ್ಷೇಪ. “ಇಂಗ್ಲಿಷ್ ಶಾಲೆಯ ಮಕ್ಕಳು ನಮ್ಮ ಮಗುವನ್ನು ನೋಡಿ ನಗುವುದಿಲ್ಲವೇ?” ಎಂದು ತಾಯಂದಿರು ಕೇಳುತ್ತಾರೆ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮಗುವಿನ ಮನಸ್ಸು ನೋಯುವುದು ಸಣ್ಣ ಸಂಗತಿಯಲ್ಲ. ಆದರೆ ತಂದೆತಾಯಿಯೇ ನಾಚಿಕೊಂಡು ಅಡಗಿಸಿ ಕೊಟ್ಟ ವಸ್ತುವನ್ನು ಮಗುವೂ ನಾಚಿಕೊಂಡೇ ತೆಗೆದುಕೊಳ್ಳುತ್ತದೆ. “ಇದನ್ನು ಅಪ್ಪ ಮಾಡಿದ್ದು, ಬಾ, ನಿನಗೂ ಮಾಡುವುದನ್ನು ತೋರಿಸುತ್ತೇನೆ” ಎಂದು ಹೇಳಬಲ್ಲ ಮಗುವಿನ ಸುತ್ತ ಉಳಿದ ಮಕ್ಕಳು ತಾವಾಗಿ ಸೇರುತ್ತಾರೆ. ಆಟಕ್ಕೆ ಕರೆದರೆ ಬಾರದ ಮಕ್ಕಳಿಲ್ಲ.

ಇನ್ನೊಂದು ಮಾತನ್ನು ಗಂಡಸರಿಗೆ ಹೇಳಬೇಕಾಗಿದೆ. ಕೈಯಾರೆ ಮಾಡುವುದೆಂದರೆ ಅದನ್ನೂ ಹೆಂಗಸರ ತಲೆಗೆ ಕಟ್ಟಿ ತಾವು ಹಾಯಾಗಿ ಕೂರುವುದಲ್ಲ. ಮನೆಗೆಲಸ ಮುಗಿಸಿ, ನಾಲ್ಕು ಮನೆಯ ಪೋಳಿ ಲಟ್ಟಿಸಿ ಬರುವ ಹೆಂಗಸಿಗೆ ಬೊಂಬೆಯ ಕೆಲಸವನ್ನೂ ಹೊರಿಸಿದರೆ ನಾನು ಬರೆದುದೆಲ್ಲ ಹೊಳೆಯಲ್ಲಿ ಹುಣಿಸೆ ಹಣ್ಣು ಕಲಸಿದ ಹಾಗೆ. ಕತ್ತರಿ, ಅಂಟು ತಂದೆಯ ಕೈಯಲ್ಲಿರಲಿ.

“ಅದಕ್ಕೆ ಬಿಡುವೆಲ್ಲಿ?” ಎನ್ನುವಿರಿ. ಸಂಘದ ವಿಷಯ ಇಲ್ಲಿಯೇ ಇದೆ. ೨೦೧೭ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಅನ್ವಯಿಸುವ ಹೋಟೆಲುಗಳಲ್ಲಿ ವಾರಕ್ಕೊಂದು ರಜೆಯುಂಟು. ವರ್ಷಕ್ಕೆ ಎಂಟು ದಿನ ಸಂಬಳಸಹಿತ ಕ್ಯಾಶುವಲ್ ರಜೆಯುಂಟು. ಆ ಎಂಟು ದಿನಗಳನ್ನು ವರ್ಷದೊಳಗೆ ಬಳಸದಿದ್ದರೆ ಅವು ರದ್ದಾಗುತ್ತವೆ. ಎಂಟರಲ್ಲಿ ಒಂದನ್ನು ಮಗುವಿನ ಹುಟ್ಟುಹಬ್ಬಕ್ಕೆಂದು ಮುಂಚಿತವಾಗಿಯೇ ಅರ್ಜಿ ಬರೆದು ಕೇಳಿರಿ. ಒಬ್ಬನೇ ಕೇಳಲು ಹೆದರಿಕೆಯಾದರೆ ಸಂಘಕ್ಕೆ ಬನ್ನಿರಿ, ಕೂಡಿ ಕೇಳೋಣ. ಅಡ್ವಾನ್ಸ್ ಕೇಳಲು ಮಾಲಕರ ಗಲ್ಲಾದ ಮುಂದೆ ತಲೆತಗ್ಗಿಸಿ ನಿಲ್ಲುವುದಕ್ಕಿಂತ ರಜೆ ಕೇಳಲು ತಲೆಯೆತ್ತಿ ನಿಲ್ಲುವುದು ಲೇಸಲ್ಲವೇ?

ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಹೋಟೆಲಿನ ಅಟ್ಟದಲ್ಲಿ ಮಲಗುವ ಸಹೋದರರೂ ನಮ್ಮಲ್ಲಿ ಬಹಳ ಮಂದಿ. ಅವರು ಹುಟ್ಟುಹಬ್ಬದ ದಿನ ಹಣ ಕಳಿಸಿ, ಫೋನಿನಲ್ಲಿ ಮುಖ ತೋರಿಸಿ ಸಮಾಧಾನಪಡುತ್ತಾರೆ. ಮಧ್ಯಾಹ್ನ ಗಿರಾಕಿ ಕಡಿಮೆಯಾಗುವ ಆ ಒಂದು ಗಂಟೆಯಲ್ಲಿ ಬೆಂಕಿಪೆಟ್ಟಿಗೆಯ ರೈಲು ಮಾಡಿ, ಮತ್ಸ್ಯಗಂಧದಲ್ಲಿ ಊರಿಗೆ ಹೊರಟವರ ಕೈಯಲ್ಲಿ ಕಳಿಸಿಕೊಡಲಿ. ದೂರದಲ್ಲಿರುವ ಅಪ್ಪನ ಕೈ ಮುಟ್ಟಿದ ವಸ್ತು ಮಗುವಿನ ತಲೆದಿಂಬಿನ ಕೆಳಗೆ ಇರುತ್ತದೆ.

ಕೊನೆಗೆ ನಮ್ಮ ಸಂಘಗಳಿಗೆ ಒಂದು ಸೂಚನೆ. ನಾಟಕ, ಯಕ್ಷಗಾನ, ಭಜನೆ, ಪ್ರತಿಭಾ ಪುರಸ್ಕಾರ ಇವೆಲ್ಲ ನಡೆಯಲಿ. ಜೊತೆಗೆ ತಿಂಗಳಿಗೊಂದು ಮಧ್ಯಾಹ್ನ ಸಂಘದ ಹಾಲಿನಲ್ಲಿ ಚಾಪೆ ಹಾಸಿ ಕತ್ತರಿ, ಕಾಗದ, ಅಂಟು, ಚಿಂದಿ ಇಡಲಿ. ಕೌದಿ ಬಲ್ಲ ಅಜ್ಜಿಯನ್ನೂ ಗರಿಯ ಪೀಪಿ ಬಲ್ಲ ಅಜ್ಜನನ್ನೂ ಕರೆಯಲಿ. ಆ ತಿಂಗಳಲ್ಲಿ ಹುಟ್ಟಿದ ಎಲ್ಲ ಮಕ್ಕಳ ಹುಟ್ಟುಹಬ್ಬವನ್ನು ಅಂದೇ ಒಟ್ಟಿಗೆ ಮಾಡಲಿ. ಒಂದು ಪಾತ್ರೆ ಪಾಯಸ, ಒಂದು ಬುಟ್ಟಿ ಇಡ್ಲಿ. ಇಡ್ಲಿ ಬೇಯಿಸುವವರಿಗೆ ನಮ್ಮಲ್ಲಿ ಬರಗಾಲವಿಲ್ಲ. ಹೋಟೆಲಿನವರ ಮಗು, ಲೂಮಿನವರ ಮಗು, ತೆಂಕಣದ ಮಗು, ಬಡಗಣದ ಮಗು ಒಂದೇ ಚಾಪೆಯ ಮೇಲೆ ಕೂತು ಕಾಗದ ಮಡಚಲಿ. ಯಾರ ಮನೆಯ ಆರತಿ ಹೆಚ್ಚು ಜೋರು ಎಂಬ ಪಂತಕ್ಕೆ ಅಲ್ಲಿ ಎಡೆಯಿರದು.

ಈ ಸೂಚನೆಯನ್ನು ಮುಂದಿನ ಸಭೆಯಲ್ಲಿ ಮಂಡಿಸಲಿದ್ದೇನೆ. ಕೌದಿ, ಬೊಂಬೆ, ಗರಿಯ ಆಟಿಕೆ ಬಲ್ಲವರು ತಮ್ಮ ಹೆಸರನ್ನು ಸಂಘದ ಕಚೇರಿಯಲ್ಲಿ ಬರೆಸಬೇಕೆಂದು ಕೋರುತ್ತೇನೆ. ಬರುವವರು ಮನೆಯಲ್ಲಿರುವ ಖಾಲಿ ಬೆಂಕಿಪೆಟ್ಟಿಗೆಗಳನ್ನು ತರಲು ಮರೆಯಬಾರದು.

— ಒಬ್ಬ ಹೋಟೆಲ್ ಕಾರ್ಮಿಕ