ಹಿನ್ನೀರಿನ ಕೆಸರಲ್ಲಿ ಯಾರ ಹೆಜ್ಜೆ?

"ಬಾಗಲಕೋಟ್ಯಾಗ ಎಂಥಾ ವನ್ಯಜೀವಿ ರೀ? ನಾಯಿ, ಹಂದಿ ಬಿಟ್ರ ಏನದಾವ?" ಅಂತ ಕೇಳೋರೇ ಹೆಚ್ಚು. ಕಾಡು ಅಂದ್ರೆ ದಾಂಡೇಲಿ, ಪ್ರಾಣಿ ಅಂದ್ರೆ ಸಫಾರಿ ಜೀಪು, ಅದಕ್ಕೆ ಎರಡು ದಿನ ರಜೆ. ನಮ್ಮ ತಲೆಯಲ್ಲಿ ಲೆಕ್ಕ ಹೀಗೆ ಕೂತುಬಿಟ್ಟಿದೆ. ಆದ್ರೆ ಡಿಸೆಂಬರ್ ಅಥವಾ ಜನವರಿಯ ಒಂದು ಶನಿವಾರ ನವನಗರದಿಂದ ಬೈಕ್ ತಗೊಂಡು ಹಿನ್ನೀರಿನ ಕಡೆ ಹೋಗಿ ನೋಡ್ರಿ. ಪ್ರಾಣಿ ಕಾಣಲಿಕ್ಕಿಲ್ಲ. ಅದು ರಾತ್ರಿ ಬಂದು ಹೋದದ್ದಂತೂ ಕಾಣ್ತದೆ.

ಚಳಿಗಾಲವೇ ಯಾಕೆ ಅಂದ್ರೆ ನಮ್ಮೂರಲ್ಲಿ ಅದಕ್ಕೆ ಕಾರಣ ಆಲಮಟ್ಟಿ. ಮಳೆಗಾಲದಲ್ಲಿ ಜಲಾಶಯ 519.60 ಮೀಟರ್ ಮಟ್ಟಕ್ಕೆ ತುಂಬಿದಾಗ ಹಿನ್ನೀರು ಘಟಪ್ರಭೆಯ ಪಾತ್ರ ಹಿಡಿದು ಹಳೆ ಬಾಗಲಕೋಟೆಯ ಅಂಚಿಗೆ ಬಂದು ನಿಲ್ಲುತ್ತದೆ. ಹಿಂಗಾರಿಗೆ ಕಾಲುವೆಗೆ ಬಿಡುತ್ತಾ ಹೋದಂತೆ ನೀರು ದಿನಾ ಇಷ್ಟಿಷ್ಟು ಹಿಂದೆ ಸರಿಯುತ್ತದೆ. ಬಿಟ್ಟುಹೋದ ಜಾಗದಲ್ಲಿ ನುಣ್ಣನೆ ಕೆಸರು, ವಾರ ಕಳೆದರೆ ಅದರ ಮೇಲೆ ಎಳೆ ಹುಲ್ಲು. ಹುಲ್ಲಿಗೆ ಹಕ್ಕಿ ಬರುತ್ತದೆ, ಹಕ್ಕಿಯ ಹಿಂದೆ ಇನ್ನೊಬ್ಬರು ಬರುತ್ತಾರೆ. ಎಲ್ಲರೂ ಹೆಜ್ಜೆ ಬಿಟ್ಟೇ ಹೋಗಬೇಕು. ನಾನು ಸಾಫ್ಟ್‌ವೇರ್‌ನವನಾದ್ದರಿಂದ ನನಗಿದು ಸರ್ವರ್‌ನ ಲಾಗ್ ಫೈಲ್ ಥರ ಕಾಣ್ತದೆ: ಯಾರು ಬಂದ್ರು, ಯಾವ ಕಡೆಯಿಂದ ಬಂದ್ರು, ಎಲ್ಲಿ ನಿಂತ್ರು. ಒಂದೇ ವ್ಯತ್ಯಾಸ, ಇಲ್ಲಿ ಮಧ್ಯಾಹ್ನದೊಳಗೆ ದನ, ಕುರಿ ಬಂದು ಅರ್ಧ ಲಾಗ್ ಅಳಿಸಿಬಿಡುತ್ತವೆ. ಅದಕ್ಕೇ ಬೆಳಿಗ್ಗೆ ಏಳರ ಒಳಗೆ ಹೋಗಬೇಕು. ಬಿಸಿಲು ಓರೆಯಾಗಿ ಬೀಳುವಾಗ ಸಣ್ಣ ಗುರುತಿಗೂ ನೆರಳು ಇರ್ತದೆ. ಸೂರ್ಯ ನೆತ್ತಿಗೆ ಬಂದ ಮೇಲೆ ಅದೇ ಕೆಸರು ಸಪಾಟಾಗಿ ಕಾಣುತ್ತದೆ.

ಮೊದಲು ಸಿಗೋದು ಹಕ್ಕಿಗಳದ್ದು. ಮೂರು ಬೆರಳಿನ ನಡುವೆ ಚರ್ಮದ ಅಚ್ಚು ಇದ್ದರೆ ಬಾತು, ಹೆಬ್ಬಾತು ಅಥವಾ ರಾಜಹಂಸ. ಬೆರಳು ಉದ್ದ, ನಡುವೆ ಚರ್ಮವಿಲ್ಲ, ಹಿಂದೆ ಒಂದು ಉದ್ದನೆ ಬೆರಳು ಊರಿದ್ದರೆ ಬಕದ ಜಾತಿ. ಹೆರಕಲ್ ಕಡೆ ರಾಜಹಂಸ ಬಂದಾವಂತ ಸುದ್ದಿಯಾದ ಕೂಡಲೇ ಜನ ಓಡುತ್ತಾರೆ, ಗುಲಾಬಿ ಬಣ್ಣದ ಫೋಟೋಕ್ಕೆ. ಅವು ಹಾರಿಹೋದ ಮೇಲೆ ಆ ಜಾಗವನ್ನು ಯಾರೂ ನೋಡೋದಿಲ್ಲ. ರಾಜಹಂಸ ಒಂದೇ ಕಡೆ ನಿಂತು ಸುತ್ತ ಕಾಲು ತುಳಿದು, ಕೆಸರು ಕದಡಿ ತಿನ್ನುತ್ತದೆ. ನೀರು ಇಳಿದ ಮೇಲೆ ಅಲ್ಲಿ ಬಳೆ ಇಟ್ಟಂಥ ದುಂಡನೆ ಗುರುತು ಉಳಿದಿರುತ್ತದೆ. ಅಂಥ ಬಳೆಗಳು ಸಾಲಾಗಿ ಇದ್ದರೆ ಅಲ್ಲಿ ಊಟ ಚೆನ್ನಾಗಿತ್ತು ಅಂತ ಅರ್ಥ.

ಪಟ್ಟೆತಲೆ ಹೆಬ್ಬಾತಿನದ್ದು ಇನ್ನೂ ದೊಡ್ಡ ಕಥೆ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ ಹಿಮಾಲಯ ದಾಟಿ ಬರುವ ಹಕ್ಕಿ ಇದು. 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕೊರಳಿಗೆ ನಂಬರಿನ ಪಟ್ಟಿ ಹಾಕಿ ಬಿಟ್ಟವು ನಮ್ಮ ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಹಗಲೆಲ್ಲಾ ನೀರಿನ ಮೇಲೆ ನಿದ್ದೆ, ಕತ್ತಲಾದರೆ ಹೊಲಕ್ಕೆ ಮೇಯಲು. ಹಿಂಗಾಗಿ ಹಗಲು ಹೋದವರಿಗೆ "ಸುಮ್ಮನೆ ತೇಲ್ತಾವ" ಅನಿಸುತ್ತದೆ. ದಡದ ಹುಲ್ಲಿನಲ್ಲಿ ಬೆರಳುದ್ದದ, ಹಸಿರು ನಾರಿನಂಥ ಹಿಕ್ಕೆ ನೋಡಿದರೆ ರಾತ್ರಿ ಎಷ್ಟು ಮೇಯ್ದಿವೆ ಅಂತ ತಿಳೀತದೆ. ರೈತರಿಗೆ ಇದು ಹೊಸದೇನಲ್ಲ, ಬೆಳಿಗ್ಗೆ ಎದ್ದು ಮೊದಲು ಬೈಯೋರೇ ಅವರು. ಪಕ್ಕದ ಗದಗ ಜಿಲ್ಲೆಯ ಮಾಗಡಿ ಕೆರೆ ಇದೇ ಹೆಬ್ಬಾತಿನಿಂದ ಹೆಸರಾಗಿ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿತು.

ಇನ್ನು ಕಾಲ್ನಡಿಗೆಯವರು. ಊರಂಚಿನ ಕೆಸರಿನಲ್ಲಿ ನೂರಕ್ಕೆ ತೊಂಬತ್ತು ಹೆಜ್ಜೆ ನಾಯಿಯದ್ದೇ, ಬೇಜಾರಾಗಬಾರದು. ನಾಯಿ, ನರಿ, ತೋಳ ಈ ಮೂರಕ್ಕೂ ಉಗುರಿನ ಗುರುತು ಮೂಡುತ್ತದೆ. ಬೆಕ್ಕಿನ ಜಾತಿ ಉಗುರು ಒಳಗೆಳೆದುಕೊಂಡು ನಡೆಯುವುದರಿಂದ ಉಗುರು ಕಾಣುವುದಿಲ್ಲ. ಇಷ್ಟು ಗೊತ್ತಿದ್ದರೆ "ಚಿರತೆ ಬಂದದ, ಹುಷಾರ್" ಅಂತ ವಾಟ್ಸಾಪ್ ಗ್ರೂಪಿಗೆ ಬರೋ ಫೋಟೋಗಳಲ್ಲಿ ಮುಕ್ಕಾಲು ಪಾಲು ನಾಯಿಯದ್ದು ಅಂತ ಹೇಳಬಹುದು. ಮನೆ ಬೆಕ್ಕಿನ ಹೆಜ್ಜೆ ಸುಮಾರು 3 ಸೆಂ.ಮೀ., ಚಿರತೆಯದ್ದು 7-8 ಸೆಂ.ಮೀ. ಅಗಲ. ಉಗುರಿಲ್ಲದ, ಅಷ್ಟು ದೊಡ್ಡ ಹೆಜ್ಜೆ ನಿಜವಾಗಿಯೂ ಸಿಕ್ಕರೆ ಗ್ರೂಪಿಗೆ ಹಾಕಬೇಡ್ರಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಹಚ್ಚ್ರಿ.

ನರಿಯ ವಿಷಯದಲ್ಲಿ ಹೆಜ್ಜೆಗಿಂತ ಹಿಕ್ಕೆ ನಂಬಿಕೆಯದ್ದು. ನಾವು ಬಾರಿಹಣ್ಣು ಅನ್ನೋದನ್ನ ಮೈಸೂರು ಕಡೆ ಎಲಚಿ ಅಂತಾರೆ. ಅದು ಹಣ್ಣಾಗೋದು ಇದೇ ಚಳಿಯಲ್ಲಿ, ನರಿಗೆ ಪ್ರಾಣ. ಕಾಲುದಾರಿಯ ನಡುವೆ, ಸ್ವಲ್ಪ ಎತ್ತರದ ಕಲ್ಲಿನ ಮೇಲೆ, ಎಲ್ಲರಿಗೂ ಕಾಣೋ ಹಂಗೆ ಇಟ್ಟಿರುತ್ತದೆ: ತುಂಬಾ ಬಾರಿಬೀಜ, ನಡುವೆ ಇಲಿಯ ಕೂದಲು. "ಈ ಜಾಗ ನಂದು" ಅಂತ ಬೋರ್ಡ್ ಹಾಕಿದಂಗೆ. ಲೇಔಟಿನವರು ಹಾಕಿದ ಸೈಟಿನ ಕಲ್ಲಿನ ಮೇಲೆ ನರಿಯ ಹಿಕ್ಕೆ ನೋಡಿದರೆ ಮಾಲೀಕ ಯಾರು ಅಂತ ನಗು ಬರ್ತದೆ. (ಕೈಯಲ್ಲಿ ಮುಟ್ಟಬೇಡ್ರಿ, ಕಡ್ಡಿ ಸಾಕು.)

ಒಂದು ಎಚ್ಚರಿಕೆ. ಕೃಷ್ಣೆಯಲ್ಲಿ ಮೊಸಳೆ ಇವೆ, ಚಳಿಗಾಲದಲ್ಲಿ ಬಿಸಿಲು ಕಾಯಿಸಲು ದಡಕ್ಕೆ ಬರುತ್ತವೆ. ಕೆಸರಿನಲ್ಲಿ ಮೂಟೆ ಎಳೆದಂಥ ಅಗಲ ಜಾಡು, ಎರಡೂ ಬದಿ ಪಂಜ ಕಂಡರೆ ಫೋಟೋ ಆಮೇಲೆ, ಮೊದಲು ಹಿಂದೆ ಬರ್ರಿ.

ಬಾದಾಮಿಗೆ ಹೋದರೆ ನೆಲ ಬಿಟ್ಟು ಗೋಡೆ ಓದಬೇಕು. ಅಲ್ಲಿಗೆ ಹೋದವರೆಲ್ಲ ಮಂಗನ ಕೈಯಿಂದ ಚಿಪ್ಸ್ ಉಳಿಸಿಕೊಳ್ಳೋದರಲ್ಲೇ ಇರ್ತಾರೆ. ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ಎದುರಿನ ಕೆಂಪು ಬಂಡೆಯನ್ನು ಹತ್ತು ನಿಮಿಷ ಸುಮ್ಮನೆ ನೋಡ್ರಿ. ಬಂಡೆಯ ಸಂದಿನಿಂದ ಕೆಳಕ್ಕೆ ಸುಣ್ಣ ಸೋರಿದಂಥ ಬಿಳಿ ಗೆರೆ ಇದ್ದರೆ ಅಲ್ಲಿ ಯಾವುದೋ ಹಕ್ಕಿ ದಿನಾ ಕೂರುತ್ತದೆ. ಪಾರಿವಾಳ ಇರಬಹುದು, ಗಿಡುಗ ಇರಬಹುದು, ಗೂಬೆಯೂ ಇರಬಹುದು. ಗೂಬೆ ಹೌದೋ ಅಲ್ಲವೋ ಅನ್ನೋದಕ್ಕೆ ಬಂಡೆಯ ಬುಡದಲ್ಲಿ ಹುಡುಕಬೇಕು. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು ಮತ್ತು ಎಲುಬನ್ನು ಬೂದು ಬಣ್ಣದ ಉಂಡೆ ಮಾಡಿ ಉಗುಳುತ್ತದೆ. ಒಣಗಿದ ಉಂಡೆ ಬಿಡಿಸಿದರೆ ಇಲಿಯ ಪುಟ್ಟ ದವಡೆ ಹಲ್ಲಿನ ಸಮೇತ ಸಿಗುತ್ತದೆ. ಮನೆ ಮೇಲೆ ಗೂಬೆ ಕೂತರೆ ಅಪಶಕುನ ಅನ್ನೋ ಅಜ್ಜಿಗೆ ಒಂದು ಉಂಡೆ ಬಿಡಿಸಿ ತೋರಿಸ್ರಿ, ಎಷ್ಟು ಇಲಿ ತಿಂದದ ಅಂತ. ನಮ್ಮ ಕಡೆ ಜೋಳದ ಚೀಲ ಕಾಯೋ ಕಷ್ಟ ಅಜ್ಜಿಗೆ ಗೊತ್ತಿರೋದ್ರಿಂದ ಬೇಗ ಅರ್ಥ ಆಗ್ತದೆ.

ಹುನಗುಂದದ ಎರಿ ಹೊಲಗಳಲ್ಲಿ ಕಥೆ ಬೇರೆ. ಬಿಳಿಜೋಳ ಹಾಲುಗಾಳು ಕಟ್ಟಿ, ಮನೆಮನೆಗೆ ಸೀತನಿ ಬರೋ ಹೊತ್ತಿಗೆ ಮಧ್ಯ ಏಷ್ಯಾದಿಂದ ಬಂದ ಗುಲಾಬಿ ಕಬ್ಬಕ್ಕಿಗಳ ಹಿಂಡು ಇಳಿಯುತ್ತದೆ. ಕವಣಿ ಹಿಡಿದು ಕೂಗೋ ದನಿ ಕೇಳಿದರೆ ಸಾಕು, ಹಿಂಡು ಎಲ್ಲಿದೆ ಅಂತ ತಿಳಿಯಲು. ಗುರುತು ತೆನೆಯ ಮೇಲೇ ಇರ್ತದೆ, ಮೇಲಿನಿಂದ ಅರ್ಧ ಬೋಳು. ಆದ್ರೆ ಇವೇ ಹಕ್ಕಿ ಮಿಡತೆಯನ್ನೂ ಅಷ್ಟೇ ಹಸಿವಿನಿಂದ ತಿನ್ನುತ್ತವೆ, ಅದರ ಲೆಕ್ಕ ಯಾರೂ ಬರೆಯೋದಿಲ್ಲ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ, ಎಲ್ಲರೂ ಉಂಡು ಗಿಡದ ನೆರಳಲ್ಲಿ ಅಡ್ಡಾದ ಮೇಲೆ, ಒಡ್ಡಿನ ಗುಂಟ ಒಂದು ಸುತ್ತು ಹಾಕ್ರಿ. ಮುಂಗುಸಿ, ಕೌಜುಗ, ಮೊಲದ ಹಿಕ್ಕೆ, ಹಾವಿನ ಪೊರೆ, ಏನಾದ್ರೂ ಒಂದು ಸಿಕ್ಕೇ ಸಿಗ್ತದೆ. ಇಳಕಲ್ಲಿನವರಿಗೆ ಕೆಲಸ ಇನ್ನೂ ಸುಲಭ. ಊರ ಸುತ್ತ ಗ್ರಾನೈಟ್ ತೆಗೆದು ಬಿಟ್ಟ ಕ್ವಾರಿಗಳಲ್ಲಿ ನೀರು ನಿಂತಿದ್ದರೆ ಸುತ್ತಲ ಪ್ರಾಣಿಗಳೆಲ್ಲ ಕುಡಿಯಲು ಅಲ್ಲಿಗೇ ಬರಬೇಕು. ಕಲ್ಲಿನ ಪುಡಿಯ ಮೇಲೆ ಹೆಜ್ಜೆ ಅಚ್ಚು ಒತ್ತಿದಂಗೆ ಮೂಡುತ್ತದೆ. ಅಂಚಿಗೆ ಮಾತ್ರ ಹೋಗಬೇಡ್ರಿ.

ಇದೆಲ್ಲ ಟೈಂಪಾಸ್ ಅಂತ ಅನಿಸಿದರೆ ಒಂದು ಮಾತು. ಆಲಮಟ್ಟಿಯ ಮಟ್ಟವನ್ನು 524.256 ಮೀಟರ್‌ಗೆ ಏರಿಸುವ ಯೋಜನೆ ನಮ್ಮ ಮುಂದಿದೆ. ಮನೆ, ಹೊಲ ಕಳೆದುಕೊಳ್ಳೋರ ಪರಿಹಾರದ ಮಾತೇ ಮೊದಲು ಆಗಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ನೀರು ಸುಮಾರು ನಾಲ್ಕೂವರೆ ಮೀಟರ್ ಮೇಲೆ ಬಂದರೆ ಈ ಕೆಸರಿನ ಅಂಚೇ ಬೇರೆ ಕಡೆ ಹೋಗುತ್ತದೆ. ಹೊಸ ಅಂಚಿನಲ್ಲಿ ಹುಲ್ಲು ಬರುತ್ತದೋ, ನೇರ ಕಾಂಪೌಂಡ್ ಗೋಡೆಗೇ ನೀರು ತಾಗುತ್ತದೋ, ಅದರ ಮೇಲೆ ಹೆಬ್ಬಾತಿನ ಲೆಕ್ಕ. ಯಡಹಳ್ಳಿಯಲ್ಲಿ ಚಿಂಕಾರಕ್ಕಾಗಿ ಸುಮಾರು 96 ಚದರ ಕಿ.ಮೀ. ವನ್ಯಜೀವಿಧಾಮ ಆಗಿದೆ. ಅಲ್ಲಿ ಕಾಯುವವರಿದ್ದಾರೆ, ಕಡತ ಇದೆ. ಊರಂಚಿನ ನರಿಗೆ ಕಡತ ಇಲ್ಲ. ಮೊದಲ ಸಲ ನೀರು ಬಂದಾಗ ಹಳೆ ಬಾಗಲಕೋಟೆಯ ಮನೆ, ಅಂಗಡಿ, ಗುಡಿಗಳನ್ನೆಲ್ಲ ಎಣಿಸಿ ಬರೆದರು. ಘಟಪ್ರಭೆಯ ದಂಡೆಯ ಗಿಡಗಂಟಿಯಲ್ಲಿ ಯಾರಿದ್ದರು ಅಂತ ಈಗ ಹಿರಿಯರನ್ನು ಕೇಳಿದರೆ "ಇದ್ವಪಾ, ಭಾಳ ಇದ್ವು" ಅನ್ನೋದಷ್ಟೇ ಉತ್ತರ. ಎರಡನೇ ಸಲವೂ ಅಷ್ಟೇ ಉತ್ತರ ಉಳಿಯಬೇಕಾ?

ಬರೆದಿಡೋದು ಕಷ್ಟದ ಕೆಲಸ ಅಲ್ಲ. ಹೆಜ್ಜೆಯ ಪಕ್ಕ ಹತ್ತು ರೂಪಾಯಿ ನಾಣ್ಯ ಇಟ್ಟು, ಮೊಬೈಲನ್ನು ನೇರ ಮೇಲಿನಿಂದ ಹಿಡಿದು ಫೋಟೋ ತೆಗೀರಿ. ನಾಣ್ಯದಿಂದ ಅಳತೆ ಸಿಗ್ತದೆ. ಲೊಕೇಶನ್ ಆನ್ ಇರಲಿ. ಹೆಜ್ಜೆ, ಹಿಕ್ಕೆ, ಗರಿಯ ಫೋಟೋಗಳಿಗೆ ಐನ್ಯಾಚುರಲಿಸ್ಟ್, ಹಕ್ಕಿಗಳ ಪಟ್ಟಿಗೆ ಈಬರ್ಡ್, ಎರಡೂ ಪುಕ್ಕಟೆ. ಅಪಾಯದಲ್ಲಿರೋ ಪ್ರಾಣಿಯಾದರೆ ಐನ್ಯಾಚುರಲಿಸ್ಟ್ ಜಾಗವನ್ನು ತಾನೇ ಮಸುಕು ಮಾಡುತ್ತದೆ. ರೀಲ್ಸ್‌ನಲ್ಲಿ ಲೊಕೇಶನ್ ಹಾಕೋರು ಅಷ್ಟೂ ಮಾಡೋದಿಲ್ಲ. ಇನ್ನು ಡ್ರೋನ್. ಹೆಬ್ಬಾತಿನ ಹಿಂಡಿನ ಮೇಲೆ ಅದನ್ನ ಹಾರಿಸೋದು ಬಿಟ್ಟುಬಿಡ್ರಿ. ಸಾವಿರಾರು ಕಿಲೋಮೀಟರ್ ಹಾರಿ ಬಂದು ಮಲಗಿದವರನ್ನು ಹತ್ತು ಸೆಕೆಂಡಿನ ವಿಡಿಯೋಕ್ಕೆ ಎಬ್ಬಿಸಬಾರದು.

ಫೆಬ್ರವರಿ ಮಧ್ಯದಲ್ಲಿ ನಾಲ್ಕು ದಿನ, ಶುಕ್ರವಾರದಿಂದ ಸೋಮವಾರ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಇರ್ತದೆ. ಒಂದು ಜಾಗದಲ್ಲಿ 15 ನಿಮಿಷ ನಿಂತು, ಕಂಡ ಹಕ್ಕಿ ಎಣಿಸಿ ಹಾಕಿದರೆ ಆಯ್ತು. ನಿಮ್ಮ ಮನೆ ಮಾಳಿಗೆ ಮೇಲಾದ್ರೂ ನಡೀತದೆ. ಆದ್ರೆ ಅನಗವಾಡಿ ಸೇತುವೆ ಕಡೆ ಬರೋದಾದ್ರೆ ಹಳೇ ಬೂಟು ಹಾಕ್ಕೊಂಡು ಬರ್ರಿ. ಅಲ್ಲಿನ ಎರಿ ಕೆಸರು ಒಂದು ಸಲ ಹಿಡಿದ್ರೆ ಬಿಡೋದಿಲ್ಲ.